ಇಂದ್ರಿಯಗಳ ಹಾದಿಯಲ್ಲಿ ವೈರಾಗ್ಯ: ಜೈನ ಕವಿಗಳ ವರ್ಣನೆಯನ್ನು ಕುರಿತು

ಹಳಗನ್ನಡದ ಜೈನಕಾವ್ಯಗಳನ್ನು ಓದುವವರಲ್ಲಿ ಒಂದು ಅಭಿಪ್ರಾಯ ಆಳವಾಗಿ ಬೇರೂರಿದೆ. ಕಥೆಯಿರುವುದು ಧರ್ಮಕ್ಕಾಗಿ, ವರ್ಣನೆಯಿರುವುದು ಕವಿಯ ರಸಿಕತೆಗಾಗಿ. ತ್ಯಾಗವನ್ನು ಬೋಧಿಸಲು ಹೊರಟ ಕವಿ ನರ್ತಕಿಯನ್ನೂ ವಸಂತವನ್ನೂ ಜಲಕ್ರೀಡೆಯನ್ನೂ ಅಷ್ಟು ವಿಸ್ತಾರವಾಗಿ ಬಣ್ಣಿಸುವುದು ಸಂಪ್ರದಾಯದ ಒತ್ತಾಯಕ್ಕೆ ಮಣಿದು ಎಂಬುದು ಆ ಅಭಿಪ್ರಾಯ. ದಂಡಿ ತನ್ನ ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ವಿಧಿಸಿದ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದ ವರ್ಣನೆಗಳ ಪಟ್ಟಿ ಅಷ್ಟಾದಶ ವರ್ಣನೆಗಳೆಂದು ರೂಢವಾಗಿದೆ. ಆ ಪಟ್ಟಿಯನ್ನು ಯಾಂತ್ರಿಕವಾಗಿ ತುಂಬಿಸಿದ ಕವಿಗಳು ನಮ್ಮಲ್ಲಿ ಇಲ್ಲವೆನ್ನಲಾಗದು. ಆದರೆ ಶ್ರೇಷ್ಠ ಕವಿಗಳ ವಿಷಯದಲ್ಲಿ ಈ ಅಭಿಪ್ರಾಯ ನಿಲ್ಲುವುದಿಲ್ಲ. ವರ್ಣನೆಯನ್ನು ಬಿಟ್ಟು ಓದಿದರೆ ಅಲ್ಲಿ ಧರ್ಮವೂ ಕೈಗೆ ಸಿಗುವುದಿಲ್ಲ.

ಇದಕ್ಕೆ ಆಧಾರವನ್ನು ಕಾವ್ಯಗಳಿಗಿಂತ ಮೊದಲು ಬಂಡೆಯ ಮೇಲೆಯೇ ನೋಡಬಹುದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ನಂದಿಸೇನ ಮುನಿಯ ಶಾಸನ ಸುಮಾರು 700ರ ಕಾಲದ್ದು. ಎಂದರೆ ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ಕವಿರಾಜಮಾರ್ಗಕ್ಕಿಂತ ಸುಮಾರು ಒಂದೂವರೆ ಶತಮಾನ ಹಿಂದಿನದು. ಮಹಾಸ್ರಗ್ಧರಾ ವೃತ್ತದ ಒಂದೇ ಪದ್ಯ. ರೂಪ, ವಿಲಾಸ, ಧನ, ವೈಭವಗಳು ಯಾರಲ್ಲಿಯೂ ನಿಲ್ಲವು ಎಂದರಿತು ಮುನಿ ಸನ್ಯಸನವನ್ನು ಕೈಗೊಂಡು ದೇವಲೋಕಕ್ಕೆ ಸಂದನೆಂಬುದು ಅದರ ಅರ್ಥ. ಈ ಅನಿತ್ಯತೆಗೆ ಶಾಸನಕವಿ ಮೂರು ಉಪಮಾನಗಳನ್ನು ತಂದಿದ್ದಾನೆ: ಕಾಮನಬಿಲ್ಲು, ಮಿಂಚಿನ ಬಳ್ಳಿ, ಮಂಜು. ಮೂರೂ ಕಣ್ಣಿಗೆ ಸೊಗಸಾದವು. ಕೊಳೆತ ಹಣ್ಣನ್ನೋ ಉದುರಿದ ಎಲೆಯನ್ನೋ ಅವನು ಆರಿಸಿಲ್ಲ. ಲೋಕ ಹೇಯವಾದುದರಿಂದ ಬಿಡಬೇಕೆಂಬುದು ಇಲ್ಲಿನ ನಿಲುವಲ್ಲ. ಚೆಲುವು ಚೆಲುವಾಗಿರುವಾಗಲೇ ಜಾರುತ್ತದೆಂಬುದು ಇಲ್ಲಿನ ಅರಿವು. ಸಲ್ಲೇಖನ ವ್ರತದಿಂದ ಮುಡಿಪಿದವರ ಸ್ಮಾರಕಗಳೇ ದಟ್ಟವಾಗಿರುವ ಬೆಟ್ಟದ ಮೇಲೆ ಕನ್ನಡದ ಅತ್ಯಂತ ಸುಂದರವಾದ ಉಪಮೆಗಳಲ್ಲಿ ಕೆಲವು ಕೆತ್ತಲ್ಪಟ್ಟಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಇಂದ್ರಿಯಗಳ ಕ್ರಮ ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರ ಎಂದಿದೆ. ಸ್ಪರ್ಶ ಮೊದಲನೆಯದು, ಏಕೆಂದರೆ ಏಕೇಂದ್ರಿಯ ಜೀವಕ್ಕೂ ಅದುಂಟು. (ಚಕ್ಷುವಿನ ವಿಷಯವನ್ನು ಅಲ್ಲಿ ‘ವರ್ಣ’ವೆಂದು ಕರೆದಿದೆ, ವರ್ಣನೆ ಎಂಬ ಶಬ್ದದ ಧಾತುವೂ ಅದೇ.) ಪಂಪನ ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯವನ್ನು ಈ ದೃಷ್ಟಿಯಿಂದ ನೋಡಬೇಕು. ಅದು ತೆಂಕಣ ಗಾಳಿಯ ಸೋಂಕಿನಿಂದ ಆರಂಭವಾಗುತ್ತದೆ; ಆಮೇಲೆ ಒಳ್ಳೆಯ ಮಾತು ಮತ್ತು ಇಂಪಾದ ಹಾಡು ಕಿವಿಗೆ ಬೀಳುತ್ತವೆ; ಬಳಿಕ ಅರಳಿದ ಮಲ್ಲಿಗೆ ಕಾಣುತ್ತದೆ. ಮಲ್ಲಿಗೆಯೆಂದೊಡನೆ ಕಂಪನ್ನು ನಿರೀಕ್ಷಿಸುವ ನಾವು, ಕವಿ ಅದನ್ನು ಕಣ್ಣಿಗೆ ಒಪ್ಪಿಸಿರುವುದನ್ನು ಗಮನಿಸುವುದೇ ಇಲ್ಲ. ಕೊನೆಯಲ್ಲಿ ಬರುವ ಅಂಕುಶವಂತೂ ಅಲಂಕಾರಪ್ರಯೋಗದ ಒಂದು ಪಾಠ. ಮನಸ್ಸನ್ನು ಆನೆಯೆಂದು ಪಂಪ ಹೇಳುವುದಿಲ್ಲ. ಅಂಕುಶವನ್ನಷ್ಟೇ ತೋರಿಸುತ್ತಾನೆ, ಆನೆ ತಾನೇ ಮೂಡುತ್ತದೆ. ಇಂದ್ರಿಯಗಳು ಒಂದೊಂದಾಗಿ ಮನಸ್ಸನ್ನು ಎಳೆಯುವ ಬಲವನ್ನು ಇಷ್ಟು ನಿಖರವಾಗಿ ಬಲ್ಲ ಕವಿಗೆ ಅದರಿಂದ ಬಿಡುಗಡೆಯೆಂದರೇನೆಂಬುದೂ ತಿಳಿದಿರಬೇಕು.

941ರ ಆದಿಪುರಾಣದ ನೀಲಾಂಜನೆಯ ನೃತ್ಯಪ್ರಸಂಗದಲ್ಲಿ ಆ ಅರಿವು ಕಾಣುತ್ತದೆ. ಕಥೆ ಪಂಪನದಲ್ಲ, ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣದಲ್ಲಿ ಅದಿದೆ. ಭೋಗದಲ್ಲಿ ನಿಂತ ಆದಿದೇವನಿಗೆ ವೈರಾಗ್ಯ ಮೂಡಲೆಂದು ಇಂದ್ರನು ಆಯುಷ್ಯ ಮುಗಿಯುತ್ತ ಬಂದ ನರ್ತಕಿಯನ್ನು ಸಭೆಗೆ ತರುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಅಳಿಯುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ತತ್‍ಕ್ಷಣ ಅವಳಂತೆಯೇ ಇರುವ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನಿಗೆ ಮಾತ್ರ ತಿಳಿಯುತ್ತದೆ.

ವರ್ಣನೆ ಇಲ್ಲಿ ಏನು ಮಾಡುತ್ತಿದೆ? ರಂಗಪ್ರವೇಶ, ಹೆಜ್ಜೆಯ ಗತಿ, ಹುಬ್ಬಿನ ಕೊಂಕು, ಲಯ ಇವುಗಳನ್ನು ಕವಿ ಬಣ್ಣಿಸಿದಷ್ಟೂ ಓದುಗನು ಸಭಿಕನಾಗುತ್ತ ಹೋಗುತ್ತಾನೆ. ನರ್ತಕಿ ಬದಲಾದ ಗಳಿಗೆಯಲ್ಲಿ ಅವನೂ ಸಭೆಯ ಜೊತೆಗೆ ಕುರುಡನಾಗಿ ಕುಳಿತಿರುತ್ತಾನೆ. ವರ್ಣನೆ ಪೇಲವವಾಗಿದ್ದರೆ ಅವನು ಮೈಮರೆಯುತ್ತಿರಲಿಲ್ಲ; ಮೈಮರೆಯದವನಿಗೆ ಎಚ್ಚರದ ಅರ್ಥವೂ ಆಗುತ್ತಿರಲಿಲ್ಲ. ಶೃಂಗಾರವು ಶಾಂತಕ್ಕೆ ಅಂಗವಾಗಿ ಬಂದಿದೆ ಎಂದು ಪರೀಕ್ಷೆಯ ಉತ್ತರಗಳಲ್ಲಿ ಬರೆಯುವುದುಂಟು. ಮಾತು ತಪ್ಪಲ್ಲ, ಆದರೆ ಅದು ಪ್ರಸಂಗದ ಕ್ರೌರ್ಯವನ್ನು ಮುಚ್ಚಿಬಿಡುತ್ತದೆ: ಒಂದು ಜೀವ ಹೋದದ್ದು ನಮ್ಮ ಕಣ್ಣೆದುರಿಗೇ, ನಮ್ಮ ಸಂತೋಷಕ್ಕೆ ಕೊರತೆಯಾಗದ ಹಾಗೆ.

ಪಂಪನದು ಕಣ್ಣಿನ ಪ್ರಸಂಗವಾದರೆ ಜನ್ನನ ಯಶೋಧರಚರಿತೆ (1209) ಕಿವಿಯ ಕಾವ್ಯ. ಮಾವಟಿಗ ಅಷ್ಟಾವಂಕನ ಹಾಡು ಇರುಳಿನಲ್ಲಿ ಅಮೃತಮತಿಯ ಕಿವಿಗೆ ಬೀಳುತ್ತದೆ. ರೂಪವನ್ನು ಕಾಣುವ ಮೊದಲೇ ಅವಳು ಸೋತಿರುತ್ತಾಳೆ. ಅವನನ್ನು ನೋಡಿ ಬಂದ ಕೆಳದಿ ಅವನ ವಿಕಾರವನ್ನು ಅವಯವ ಅವಯವವಾಗಿ ಬಣ್ಣಿಸಿದರೂ, ಕಣ್ಣಿನ ಸಾಕ್ಷ್ಯಕ್ಕೆ ಕಿವಿ ಬಗ್ಗುವುದಿಲ್ಲ. ಇನ್ನು ಯಶೋಧರನು ಕಣ್ಣಾರೆ ಕಂಡ ವಂಚನೆಯನ್ನು ನೇರವಾಗಿ ಹೇಳಲಾರದೆ ಕನಸಿನ ಮರೆಯಲ್ಲಿಟ್ಟು ತಾಯಿಗೆ ಹೇಳುತ್ತಾನೆ. ಅದೂ ಒಂದು ಬಗೆಯ ರೂಪಕವೇ. ಚಂದ್ರಮತಿ ಅದನ್ನು ದುಃಸ್ವಪ್ನವೆಂದೇ ನಂಬಿ ಬಲಿಯನ್ನು ಸೂಚಿಸುತ್ತಾಳೆ. ವಾಚ್ಯಾರ್ಥ ವ್ಯಂಗ್ಯಾರ್ಥಗಳ ನಡುವಣ ಅಂತರದಲ್ಲಿ ಇಷ್ಟು ದೊಡ್ಡ ಅನರ್ಥ ಹುಟ್ಟಿದ ಸಂದರ್ಭ ನಮ್ಮ ಸಾಹಿತ್ಯದಲ್ಲಿ ವಿರಳ.

ಬಲಿಯಾದದ್ದು ಹಿಟ್ಟಿನ ಹುಂಜ. ಅದು ಹಿಟ್ಟೆಂದು ಕಣ್ಣಿಗೆ ಗೊತ್ತು. ಖಡ್ಗ ತಾಗಿದೊಡನೆ ಅದು ಕೂಗುತ್ತದೆ. ಸಂಕಲ್ಪದಲ್ಲಿಯೇ ಹಿಂಸೆ ನಡೆದುಹೋಯಿತೆಂಬುದನ್ನು ಆ ಸದ್ದು ಸಾರುತ್ತದೆ. ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ ಕೊನೆಗೆ ಕೋಳಿಗಳಾಗಿಯೇ ಹುಟ್ಟಿ, ಧರ್ಮೋಪದೇಶವನ್ನು ಕೇಳಿ ಹರ್ಷದಿಂದ ಕೂಗುತ್ತಾರೆ. ಯಶೋಧರನ ಮಗನಾದ ಯಶೋಮತಿ, ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸಲೆಂದು, ಆ ಕೂಗು ಬಂದ ಕಡೆಗೆ ಬಾಣವನ್ನು ಬಿಡುತ್ತಾನೆ.