ಅಸಲಿ ವಜ್ರ ಯಾವ ಊರಿನದು?

ಅಕ್ಕನ ಮಗಳ ಮದುವೆ ನಿಶ್ಚಯವಾಗಿತ್ತು. ಉಂಗುರ ಕೊಳ್ಳಲು ಮೈಸೂರಿನ ಅಶೋಕ ರಸ್ತೆಗೆ ಹೊರಟಾಗ ಅಕ್ಕ ನನ್ನನ್ನೂ ಕರೆದಳು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಒಡವೆಯ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಕಾರು ಓಡಿಸಲು ಒಬ್ಬರು ಬೇಕಿತ್ತು, ಅಷ್ಟೆ. ಅಕ್ಕನ ಕೈಚೀಲದಲ್ಲಿ, ಹಳೆಯ ಪೌಡರ್ ಡಬ್ಬಿಯೊಳಗೆ ಹತ್ತಿ ಸುತ್ತಿ ಇಟ್ಟ ಅಜ್ಜಿಯ ಏಳು ಕಲ್ಲಿನ ಓಲೆ ಇತ್ತು. ಅದನ್ನು ಕೊಟ್ಟು ಉಂಗುರ ತರುವುದು, ಉಳಿದ ಹಣ ಛತ್ರದ ಬಾಡಿಗೆಗೆ ಎಂದು ಅವಳ ಲೆಕ್ಕ. ಅಜ್ಜಿ ಬದುಕಿರುವಷ್ಟು ದಿನವೂ ಆ ಓಲೆಯನ್ನು ಮುಟ್ಟಿ ನೋಡಿಕೊಂಡು "ಕಷ್ಟಕಾಲಕ್ಕೆ ಇದೊಂದಿದೆ" ಎನ್ನುತ್ತಿದ್ದಳು.

ಅಂಗಡಿಯ ಹುಡುಗ ಕಪ್ಪು ಮಖಮಲ್ಲಿನ ಮೇಲೆ ಒಂದೇ ಗಾತ್ರದ ಎರಡು ಕಲ್ಲು ಇಟ್ಟ. ಒಂದು ಗಣಿಯದು, ಇನ್ನೊಂದು ಪ್ರಯೋಗಾಲಯದಲ್ಲಿ ಬೆಳೆಸಿದ್ದು. ಪೆನ್ನಿನಂಥ ಉಪಕರಣದ ಮೊನೆಯನ್ನು ಎರಡಕ್ಕೂ ತಾಗಿಸಿದ. ಎರಡಕ್ಕೂ 'ಬೀಪ್' ಎಂದಿತು. ಎರಡನೆಯದರ ಬೆಲೆ ಮೊದಲನೆಯದರ ಏಳರಲ್ಲೊಂದು ಪಾಲು. ಹುಡುಗಿ ಎರಡನೆಯದಕ್ಕೆ ಕೈ ಹಾಕಿದಳು.

"ಅಸಲಿ ಬಿಟ್ಟು ನಕಲಿ ಹಾಕ್ಕೊಂಡು ಮಂಟಪಕ್ಕೆ ಬರ್ತೀಯೇನೇ?" ಎಂದಳು ಅಕ್ಕ.

"ಅಮ್ಮಾ, ಅದೂ ವಜ್ರಾನೇ. ಮಾಮ, ನೀನೇ ಹೇಳು."

ನಾನು ಹೇಳುವ ಮೊದಲೇ ಒಳಗಿನಿಂದ ಅಜ್ಜಿಯ ಓಲೆಯ ಬೆಲೆ ಬಂತು. ಚಿನ್ನಕ್ಕೆ ಅಂದಿನ ದರ ಕಟ್ಟಿದ್ದರು. ಕಲ್ಲುಗಳು ವಜ್ರವೇ, ಅನುಮಾನವಿಲ್ಲ. ಆದರೆ ಹಳೆಯ ಕಟಿಂಗು, ಸಣ್ಣ ಕಲ್ಲು, ಕಾಗದಪತ್ರ ಇಲ್ಲ. ಹೇಳಿದ ಮೊತ್ತ ಅಕ್ಕ ಅಂದುಕೊಂಡದ್ದರ ಕಾಲು ಭಾಗವೂ ಇರಲಿಲ್ಲ. ಅವಳು ಮಾತಾಡದೆ ಓಲೆಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿದಳು. ಅಂದು ಉಂಗುರ ಕೊಳ್ಳದೆ ಹಿಂತಿರುಗಿದೆವು.

ಅಕ್ಕನ 'ಅಸಲಿ' ಎಂಬ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಬಹಳ ಮಂದಿ ಲ್ಯಾಬ್ ವಜ್ರವೆಂದರೆ 'ಅಮೆರಿಕನ್ ಡೈಮಂಡ್' ಎಂದುಕೊಂಡಿದ್ದಾರೆ. ಅದು ಬೇರೆ, ಇದು ಬೇರೆ. ಅಮೆರಿಕನ್ ಡೈಮಂಡ್ ಎಂದು ಮಾರುವುದು ಜಿರ್ಕೋನಿಯಂ ಎಂಬ ಲೋಹದ ಆಕ್ಸೈಡು. ವಜ್ರದಂತೆ ಕಾಣುತ್ತದೆ, ವಜ್ರವಲ್ಲ. ಅದನ್ನು ವಜ್ರವೆಂದು ಮಾರಿದರೆ ಮೋಸ. ಈ ಮೋಸ ಹೊಸದೂ ಅಲ್ಲ. ಗಾಜು, ಸ್ಫಟಿಕ, ಪುಷ್ಯರಾಗ, ಗೋಮೇಧಿಕಗಳಿಂದ ಕುಶಲಿಗಳು ವಜ್ರದ ನಕಲು ಮಾಡುತ್ತಾರೆ, ನೋಡಿಕೊಳ್ಳಿ ಎಂದು ಗರುಡಪುರಾಣದ ರತ್ನಪರೀಕ್ಷೆಯ ಭಾಗವೇ ಎಚ್ಚರಿಸುತ್ತದೆ. ಲ್ಯಾಬ್ ವಜ್ರ ಈ ಪಟ್ಟಿಗೆ ಸೇರುವುದಿಲ್ಲ. ಅದು ಇಂಗಾಲ, ಗಣಿಯದೂ ಇಂಗಾಲ. ಅಣುಗಳು ಹೆಣೆದುಕೊಂಡ ಬಗೆಯೂ ಒಂದೇ. ವಜ್ರ ಶಾಖವನ್ನು ಬೇಗ ಸಾಗಿಸುತ್ತದೆ. ಅಂಗಡಿಯ ಪೆನ್ನು ಅಳೆಯುವುದು ಅದನ್ನೇ. ಹಾಗಾಗಿ ಅದು ಎರಡಕ್ಕೂ 'ಬೀಪ್' ಎಂದದ್ದು ಸರಿಯೇ.

ಹಾಗಾದರೆ 'ಅಸಲಿ' ಎಂದರೇನು? ಆ ವಾರ ರಾತ್ರಿ ಕೂತು ಹಳೆಯ ಪುಸ್ತಕಗಳನ್ನು ತಿರುವಿದೆ.

ಹದಿನೆಂಟನೆಯ ಶತಮಾನದ ಆರಂಭದವರೆಗೆ ಜಗತ್ತಿನ ಪೇಟೆಗೆ ವಜ್ರ ಕಳಿಸುತ್ತಿದ್ದದ್ದು ಮುಖ್ಯವಾಗಿ ಒಂದೇ ದೇಶ, ನಮ್ಮದು. ಸ್ವಲ್ಪ ಬೋರ್ನಿಯೋದಿಂದಲೂ ಹೋಗುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್, ವಜ್ರದ ಸೀಮೆಯನ್ನು ಗುತ್ತಿಗೆ ಹಿಡಿದ ನಾಯಕ ಅರಸನಿಗೆ ವರ್ಷವರ್ಷ ಹಣ ಕಟ್ಟುತ್ತಿದ್ದನೆಂದೂ, ಇಪ್ಪತ್ತು ಮಂಜಾಡಿಗಿಂತ ಹೆಚ್ಚು ತೂಗುವ ಕಲ್ಲೆಲ್ಲ ಅರಸನ ಭಂಡಾರಕ್ಕೆ ಸೇರಬೇಕಿತ್ತೆಂದೂ ಬರೆದಿದ್ದಾನೆ. ದೊಡ್ಡ ಕಲ್ಲು ಪೇಟೆಗೆ ಬರುವುದೇ ಇಲ್ಲ. ವಜ್ರ ಅಪರೂಪವಾಗಿರುವುದಕ್ಕೆ ಭೂಮಿ ಎಷ್ಟು ಕಾರಣವೋ ಅರಸನ ಬೀಗವೂ ಅಷ್ಟೇ ಕಾರಣ.

ಮುಂದಿನ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ ತಾನು ಮೊದಲು ನೋಡಿದ ಗಣಿ ಬಿಜಾಪುರದ ಸುಲ್ತಾನನ ಆಳ್ವಿಕೆಯ ಕರ್ನಾಟಕ ಸೀಮೆಯದು ಎನ್ನುತ್ತಾನೆ. ಅವನು ರಾವಲಕೊಂಡ ಎಂದು ಕರೆದ ಆ ಜಾಗವನ್ನು ಈಗಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ಗುರುತಿಸಿದ್ದಾರೆ. ಅಲ್ಲಿನ ಒಂದು ನೋಟ ನನಗೆ ಬಹಳ ಇಷ್ಟ. ಊರ ನಡುವೆ ಮರದ ಕೆಳಗೆ ಹತ್ತರಿಂದ ಹದಿನಾರು ವರ್ಷದ ಹುಡುಗರು ಕೂತಿದ್ದಾರೆ. ಒಂದು ಪಕ್ಕದಲ್ಲಿ ತೂಕದ ಕಲ್ಲುಗಳ ಚೀಲ, ಇನ್ನೊಂದು ಪಕ್ಕದಲ್ಲಿ ವರಹದ ಚೀಲ. ಯಾರಾದರೂ ಕಲ್ಲು ತಂದರೆ ಹಿರಿಯ ಹುಡುಗನ ಕೈಗೆ ಕೊಡುತ್ತಾರೆ, ಅದು ಮಾತಿಲ್ಲದೆ ಕೈಯಿಂದ ಕೈಗೆ ದಾಟಿ ಬರುತ್ತದೆ. ದೊಡ್ಡವರ ವ್ಯಾಪಾರವೂ ಮೌನದಲ್ಲೇ. ಎದುರುಬದುರು ಕೂತು, ನಡುವಸ್ತ್ರದ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಪಕ್ಕದಲ್ಲಿ ಕೂತವನಿಗೂ ಗೊತ್ತಾಗದು. ಯುರೋಪಿನವರು ಕಲ್ಲನ್ನು ಹಗಲಿನಲ್ಲಿ ಪರೀಕ್ಷಿಸಿದರೆ ಇಲ್ಲಿನವರು ರಾತ್ರಿ, ಗೋಡೆಯ ಗೂಡಿನಲ್ಲಿ ದೀಪವಿಟ್ಟು, ಕಲ್ಲನ್ನು ಬೆರಳ ನಡುವೆ ಹಿಡಿದು ನೋಡುತ್ತಿದ್ದರಂತೆ. ಅದೇ ಪುಟಗಳಲ್ಲಿ ಗಣಿಯಾಳಿನ ಸಂಬಳವೂ ಇದೆ: ವರ್ಷಕ್ಕೆ ಮೂರು ವರಹ. ಕೃಷ್ಣಾ ದಂಡೆಯ ಕೊಲ್ಲೂರು ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಅರುವತ್ತು ಸಾವಿರ ಜನ ದುಡಿಯುತ್ತಿದ್ದರು ಎಂದು ಅವನು ಬರೆಯುತ್ತಾನೆ. ಹೊಟ್ಟೆಪಾಡಿಗೆ ಕಲ್ಲು ನುಂಗಿ ಕದಿಯುವವರ ಬಗ್ಗೆ ಬರೆಯುವಾಗ ಅವನ ದನಿಯಲ್ಲಿ ಅಂಥ ಸಿಟ್ಟಿಲ್ಲ.

ಆಮೇಲೆ ಬಂತು ಬ್ರೆಜಿಲ್. 1720ರ ದಶಕದಲ್ಲಿ ಅಲ್ಲಿನ ಮಿನಾಸ್ ಜೆರೈಸ್ ಪ್ರಾಂತದ ಹೊಳೆಗಳಲ್ಲಿ ಚಿನ್ನ ಜಾಲಿಸುತ್ತಿದ್ದವರಿಗೆ ವಜ್ರ ಸಿಕ್ಕಿತು. ರಾಶಿ ರಾಶಿ ಕಲ್ಲು ಯುರೋಪಿಗೆ ಬಂದು ಬೆಲೆ ಕುಸಿಯತೊಡಗಿದಾಗ ಹಳೆಯ ವ್ಯಾಪಾರಿಗಳು ಏನು ಹೇಳಿದರು ಗೊತ್ತೇ? ಬ್ರೆಜಿಲಿನದು ಅಸಲಿ ವಜ್ರವಲ್ಲ, ಮೆದು. ಭಾರತದಲ್ಲಿ ಬೇಡವೆಂದು ಬಿಟ್ಟ ಕಸವನ್ನು ಗೋವೆಯಿಂದ ಅಲ್ಲಿಗೆ ಸಾಗಿಸಿ ಮಾರುತ್ತಿದ್ದಾರೆ ಎಂದು. ಅದಕ್ಕೆ ಪೋರ್ಚುಗೀಸರು ಹೂಡಿದ ಉಪಾಯ ರತ್ನಗಳ ಇತಿಹಾಸ ಬರೆದವರೆಲ್ಲ ಹೇಳುವ ಕತೆ: ಬ್ರೆಜಿಲಿನ ಕಲ್ಲನ್ನು ಗೋವೆಗೆ ಒಯ್ದು, ಅಲ್ಲಿಂದ ಭಾರತದ ವಜ್ರವೆಂದು ಯುರೋಪಿಗೆ ಮಾರಿದರು. ಅದೇ ಕಲ್ಲು, ಹಡಗಿನಲ್ಲಿ ಅರ್ಧ ಭೂಮಿ ಸುತ್ತಿ ಬಂದದ್ದಕ್ಕೆ ಅಸಲಿಯಾಯಿತು! ಹೊಳೆಯಲ್ಲಿ ಸೊಂಟ ಬಗ್ಗಿಸಿ ನಿಂತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. 1771ರಲ್ಲಿ ಪೋರ್ಚುಗಲ್ ಅರಸೊತ್ತಿಗೆ ಆ ಗಣಿಗಳನ್ನು ನೇರವಾಗಿ ತನ್ನ ಕೈಗೇ ತೆಗೆದುಕೊಂಡಿತು. ಮತ್ತೆ ಬೀಗ.

ನಮ್ಮ ಗಣಿಗಳು ಅಷ್ಟರಲ್ಲಿ ಬತ್ತುತ್ತಿದ್ದವು. ಇನ್ನು ಕೆಲವು ಕಾಲದ ನಂತರ ಬ್ರೆಜಿಲಿನದೂ 'ಒಳ್ಳೆಯ ಹಳೆಯ ವಜ್ರ'ವಾಯಿತು. 1867ರ ಹೊತ್ತಿಗೆ ದಕ್ಷಿಣ ಆಫ್ರಿಕದಲ್ಲಿ ವಜ್ರ ಸಿಕ್ಕಾಗ ಹೀಯಾಳಿಸಿಕೊಳ್ಳುವ ಸರದಿ ಅದರದು. ಅಲ್ಲಿ ಕಲ್ಲು ಎಷ್ಟಿತ್ತೆಂದರೆ, ಎಲ್ಲರೂ ತೋಡಿ ಮಾರಿದ್ದರೆ ವಜ್ರದ ಬೆಲೆ ನಿಲ್ಲುತ್ತಿರಲಿಲ್ಲ. 1888ರಲ್ಲಿ ಸೆಸಿಲ್ ರೋಡ್ಸ್ ಗಣಿಗಳನ್ನು ಒಗ್ಗೂಡಿಸಿ ಡಿ ಬೀರ್ಸ್ ಕಂಪನಿ ಕಟ್ಟಿದ. ಪೇಟೆಗೆ ಎಷ್ಟು ಬಿಡಬೇಕೋ ಅಷ್ಟೇ ಬಿಡುವ ಕಲೆಯನ್ನು ಆ ಕಂಪನಿ ನೂರು ವರ್ಷ ನಡೆಸಿತು. ಕೊಂಡವರು ಮತ್ತೆ ಮಾರಲು ಬಂದರೆ ಆ ಲೆಕ್ಕ ತಪ್ಪುತ್ತದೆ. 1947ರಲ್ಲಿ ಅದರ ಜಾಹೀರಾತು ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ ಎಂಬಾಕೆ 'ವಜ್ರವೆಂದರೆ ಎಂದೆಂದಿಗೂ' ಎಂಬ ಅರ್ಥದ ಸಾಲು ಬರೆದುಕೊಟ್ಟಳು. ಎಂದೆಂದಿಗೂ ಇಟ್ಟುಕೊಳ್ಳಿ ಎಂಬ ಮಾತಿನಲ್ಲಿ ಮಾರಬೇಡಿ ಎಂಬುದೂ ಅಡಗಿದೆ ಎಂದು ನಾನು ಓದಿಕೊಳ್ಳುತ್ತೇನೆ. ಹಾಗೆ ಓದಲು ಕಾರಣ ಅಜ್ಜಿಯ ಓಲೆ.

ಪ್ರಯೋಗಾಲಯದ ಕತೆ ಇದಕ್ಕೆ ಸಮಾಂತರವಾಗಿ ಸಾಗಿತ್ತು. 1772ರಲ್ಲಿ ಲವಾಸಿಯೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರವನ್ನು ಸುಟ್ಟ. 1797ರಲ್ಲಿ ಸ್ಮಿತ್ಸನ್ ಟೆನೆಂಟ್ ವಜ್ರವನ್ನೂ ಇದ್ದಿಲನ್ನೂ ಸಮತೂಕದಲ್ಲಿ ಸುಟ್ಟು, ಎರಡರಿಂದಲೂ ಅಷ್ಟೇ ಅನಿಲ ಬರುವುದನ್ನು ತೋರಿಸಿದ. ವಜ್ರ ಇದ್ದಿಲಿನ ಬಂಧು ಎಂದಾದ ಮೇಲೆ, ಇದ್ದಿಲಿನಿಂದ ವಜ್ರ ಮಾಡುವ ಆಸೆ ಯಾರನ್ನು ಬಿಟ್ಟೀತು? ನೂರೈವತ್ತು ವರ್ಷ ಸೋತವರೇ ಹೆಚ್ಚು. 1953ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಆಸಿಯಾ ಕಂಪನಿ ಗೆದ್ದಿತು, ಆದರೆ ಪ್ರಕಟಿಸದೆ ಸುಮ್ಮನಿತ್ತು. 1954ರ ಡಿಸೆಂಬರ್ 16ರಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ ಭಾರೀ ಒತ್ತಡ, ಶಾಖದಲ್ಲಿ ಹರಳು ಪಡೆದ. ಇತರರೂ ಮಾಡಿ ನೋಡಿ ಖಚಿತಪಡಿಸಿದರು. ಕಂಪನಿ ಅವನಿಗೆ ಕೊಟ್ಟ ಬಹುಮಾನ ಹತ್ತು ಡಾಲರಿನ ಉಳಿತಾಯ ಬಾಂಡು.

ಇಲ್ಲೊಂದು ತಮಾಷೆ ಇದೆ. ಹಾಲ್‌ಗಿಂತ ಎಂಟು ದಿನ ಮೊದಲು ಅದೇ ಪ್ರಯೋಗಾಲಯದಲ್ಲಿ ಹರ್ಬರ್ಟ್ ಸ್ಟ್ರಾಂಗ್ ನಡೆಸಿದ ಪ್ರಯೋಗದಲ್ಲೂ ಒಂದು ವಜ್ರ ಸಿಕ್ಕಿತ್ತು. ಸುಮಾರು ನಾಲ್ಕು ದಶಕಗಳ ನಂತರ ಅದನ್ನು ಮತ್ತೆ ಪರೀಕ್ಷಿಸಿದಾಗ ಅದು ಗಣಿಯ ವಜ್ರವೆಂದು ತಿಳಿಯಿತು. ಬೀಜವಾಗಿ ಹಾಕಿದ್ದ ಕಲ್ಲೇ ಹೊರಗೆ ಬಂದಿತ್ತು. ಅದೇ ವಿಜ್ಞಾನಿಗಳು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಪ್ಪನ್ನು ಒಪ್ಪಿಕೊಂಡು ಬರೆದರು. ನನ್ನ ವಿದ್ಯಾರ್ಥಿಗಳಿಗೆ ಪ್ರಾಮಾಣಿಕತೆಗೆ ಉದಾಹರಣೆ ಬೇಕಾದಾಗ ಈಗ ಇದನ್ನೇ ಹೇಳುತ್ತೇನೆ.

ಇಂದು ಲ್ಯಾಬ್ ವಜ್ರ ಮಾಡಲು ಎರಡು ದಾರಿ. ಒಂದು ಹಾಲ್ ತೋರಿದ ಒತ್ತಡ-ಶಾಖದ್ದು. ಇನ್ನೊಂದರಲ್ಲಿ ಮೀಥೇನ್ ಅನಿಲದಿಂದ ಇಂಗಾಲವನ್ನು ಬಿಡಿಸಿ ತೆಳ್ಳನೆಯ ವಜ್ರದ ಬಿಲ್ಲೆಯ ಮೇಲೆ ಪದರ ಪದರವಾಗಿ ಕೂರಿಸುತ್ತಾರೆ. ಭೂಮಿ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ ಮಾಡಿದ, ನೂರಾರು ಕೋಟಿ ವರ್ಷ ಕಾದ ಕೆಲಸ ಇಲ್ಲಿ ಕೆಲವು ವಾರಗಳದು. ವಿದ್ಯುತ್ತು ಮಾತ್ರ ಧಾರಾಳ ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ 'ಹಸಿರು ವಜ್ರ' ಎಂಬ ಜಾಹೀರಾತನ್ನು ಅಷ್ಟಾಗಿ ನಂಬಬೇಕಿಲ್ಲ.

ಎರಡನ್ನೂ ಬೇರ್ಪಡಿಸಬಹುದು, ಆದರೆ ಕಣ್ಣಿನಿಂದಲ್ಲ. ದೊಡ್ಡ ಪ್ರಯೋಗಾಲಯಗಳ ಯಂತ್ರಗಳು ಹರಳು ಬೆಳೆದ ಗುರುತನ್ನು, ಒಳಗಿನ ಸಾರಜನಕವನ್ನು ನೋಡುತ್ತವೆ. ಗಣಿಯ ವಜ್ರಗಳಲ್ಲಿ ಬಹುಪಾಲು ಸಾರಜನಕ ಇರುತ್ತದೆ. ಅನಿಲದಿಂದ ಬೆಳೆಸಿದ್ದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಸಾರಜನಕವಿಲ್ಲದ ಕಲ್ಲು ಕಂಡರೆ ಯಂತ್ರ ಮೊದಲು ಅನುಮಾನಿಸುತ್ತದೆ. ಗಣಿಯ ಕಲ್ಲುಗಳಲ್ಲಿ ಅಂಥ ಶುದ್ಧ ಜಾತಿಯವು ನೂರಕ್ಕೆ ಒಂದೆರಡು. ಕೊಹಿನೂರ್ ಅವುಗಳಲ್ಲೊಂದು. ಲೋಕವೆಲ್ಲ ಕೊಂಡಾಡಿದ ಗೋಲ್ಕೊಂಡದ ಕಲ್ಲನ್ನು ಈ ಯಂತ್ರದ ಕೆಳಗಿಟ್ಟರೆ ಅದೂ 'ಇನ್ನೊಮ್ಮೆ ಪರೀಕ್ಷಿಸಿ' ಎಂಬ ಬುಟ್ಟಿಗೆ ಬೀಳುತ್ತದೆ!

2018ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ವಜ್ರದ ವ್ಯಾಖ್ಯೆಯಿಂದ 'ನೈಸರ್ಗಿಕ' ಎಂಬ ಪದವನ್ನು ತೆಗೆದುಹಾಕಿತು. ಅದೇ ವರ್ಷ ಡಿ ಬೀರ್ಸ್ ಕೂಡ ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಕ್ಯಾರೆಟ್ಟಿಗೆ ಎಂಟುನೂರು ಡಾಲರಿನಂತೆ ಲ್ಯಾಬ್ ವಜ್ರ ಮಾರತೊಡಗಿತು. 2025ರಲ್ಲಿ ಆ ಅಂಗಡಿ ಮುಚ್ಚುವುದಾಗಿ ಹೇಳಿತು, ಏಕೆಂದರೆ ಬೆಲೆ ಅಷ್ಟರಲ್ಲಿ ಪಾತಾಳಕ್ಕಿಳಿದಿತ್ತು. ಲ್ಯಾಬ್ ವಜ್ರಕ್ಕೆ ಬೀಗ ಹಾಕುವವರು ಯಾರೂ ಇಲ್ಲ. ಯಂತ್ರವಿದ್ದವರೆಲ್ಲ ಬೆಳೆಯುತ್ತಾರೆ. ಕೊಳ್ಳುವವರು ತಿಳಿಯಬೇಕಾದ ವ್ಯತ್ಯಾಸ ನನ್ನ ಮಟ್ಟಿಗೆ ಇದೇ. ಲ್ಯಾಬ್ ವಜ್ರವನ್ನು ಆಸ್ತಿ ಎಂದು ಯಾರಾದರೂ ಮಾರಿದರೆ ಅವರನ್ನು ನಂಬಬೇಡಿ. ನಾಳೆ ಅದು ಇನ್ನೂ ಅಗ್ಗವಾಗಬಹುದು. ಗಣಿಯ ಸಣ್ಣ ವಜ್ರವನ್ನು ಆಸ್ತಿ ಎಂದು ಮಾರುವವರನ್ನೂ ಅಷ್ಟಾಗಿ ನಂಬಬೇಡಿ. ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಹಳ್ಳವನ್ನು ನಾವು ಅಶೋಕ ರಸ್ತೆಯಲ್ಲಿ ಕಣ್ಣಾರೆ ಕಂಡೆವು. ಅಜ್ಜಿಯ 'ಕಷ್ಟಕಾಲ'ಕ್ಕೆ ಆಗಿ ಬರುತ್ತಿದ್ದದ್ದು ಕಲ್ಲಲ್ಲ, ಅದನ್ನು ಹಿಡಿದ ಚಿನ್ನ.

ಇದನ್ನು ಅಕ್ಕನಿಗೆ ಹೇಳುವುದು ಸುಲಭವಾಗಿರಲಿಲ್ಲ. ಹೇಳಿದೆ. ಬ್ರೆಜಿಲ್, ಗೋವೆಯ ಕತೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಜ್ಜಿ ಸುಮ್ನೆ ನಂಬಿಕೊಂಡಿದ್ಳಾ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜಿ ಐವತ್ತು ವರ್ಷ ಧೈರ್ಯವಾಗಿದ್ದದ್ದಂತೂ ನಿಜ.

ಇನ್ನೊಂದು ಪ್ರಶ್ನೆ ಕೇಳಿದ್ದು ಹುಡುಗಿ: "ಮಾಮ, ಎರಡನ್ನೂ ಹೊಳಪು ಮಾಡೋರು ಯಾರು?" ಒಂದೇ ಜನ. ಜಗತ್ತಿನ ಬಹುಪಾಲು ವಜ್ರ ಸೂರತ್ತಿನಲ್ಲಿ ಸಾಣೆ ಹಿಡಿಸಿಕೊಳ್ಳುತ್ತದೆ, ಗಣಿಯದೂ ಲ್ಯಾಬಿನದೂ. ಬೆಲೆ ಇಳಿದಾಗಲೆಲ್ಲ ಮೊದಲು ಕೂಲಿ ಕಡಿತವಾಗುವುದು ಆ ಸಾಣೆಗಾರರಿಗೆ. ತಾವರ್ನಿಯೆಯ ಮೂರು ವರಹದ ಲೆಕ್ಕ ನೆನಪಾಯಿತು.

ಮುಂದಿನ ಭಾನುವಾರ ಲ್ಯಾಬ್ ವಜ್ರದ ಉಂಗುರ ತಂದೆವು. ಬಿಲ್ಲಿನಲ್ಲಿ 'ಪ್ರಯೋಗಾಲಯದಲ್ಲಿ ಬೆಳೆಸಿದ್ದು' ಎಂದು ಸ್ಪಷ್ಟವಾಗಿ ಬರೆಸಿ, ಪ್ರಮಾಣಪತ್ರದ ಸಂಖ್ಯೆಯನ್ನು ಕಲ್ಲಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆಯೊಂದಿಗೆ ಲೆನ್ಸ್ ಹಿಡಿದು ತಾಳೆ ನೋಡಿದೆವು. ಛತ್ರದ ಬಾಡಿಗೆಗೆ ನಾನು ಸ್ವಲ್ಪ ಸೇರಿಸಿದೆ. ಓಲೆ ಮಾರಲಿಲ್ಲ. ಧಾರೆಯ ದಿನ ಹುಡುಗಿಯ ಕಿವಿಯಲ್ಲಿ ಅಜ್ಜಿಯ ಓಲೆ, ಬೆರಳಲ್ಲಿ ಹೊಸ ಉಂಗುರ. ಊಟದ ಪಂಕ್ತಿಯಲ್ಲಿ ದೂರದ ಚಿಕ್ಕಮ್ಮ ಒಬ್ಬರು ಆ ಕೈ ಹಿಡಿದು ತಿರುಗಿಸಿ ನೋಡಿ, "ಅಸಲಿನಾ?" ಎಂದು ಅಕ್ಕನನ್ನು ಕೇಳಿದರು.

"ಬಿಲ್ ಇದೆ" ಎಂದಳು ಅಕ್ಕ, ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾ.