ಬೆವರಿನ ಲೆಕ್ಕ, ತುತ್ತಿನ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈಗ ನಲವತ್ತನ್ನು ದಾಟಿದವರು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಹಿಂದೆ ಮಕ್ಕಳ ಓದಿನ ಮಾತಾಡುತ್ತಿದ್ದವರು ಇತ್ತೀಚೆಗೆ ರಕ್ತದೊತ್ತಡ, ಸಕ್ಕರೆ, ತೂಕ ಎನ್ನುತ್ತಾರೆ. ಕೈಗಡಿಯಾರವನ್ನು ತೋರಿಸಿ, "ಬೆಳಿಗ್ಗೆ ನಡೆದು ಮುನ್ನೂರು ಕ್ಯಾಲೊರಿ ಸುಟ್ಟಿದ್ದೇನೆ ಸಾರ್, ಒಂದು ಮಸಾಲೆ ದೋಸೆಗೆ ಅಡ್ಡಿಯಿಲ್ಲವಲ್ಲ?" ಎಂದು ಕೇಳುವವರೂ ಉಂಟು. ವ್ಯಾಯಾಮದಲ್ಲಿ ವ್ಯಯವಾದಷ್ಟನ್ನು ಮರಳಿ ಉಣ್ಣಬಹುದೇ ಎಂಬ ಈ ಪ್ರಶ್ನೆ ಗಡಿಯಾರದೊಂದಿಗೆ ಹುಟ್ಟಿದ್ದೆಂದು ತೋರಬಹುದು. ಅದರ ಬೇರು ಇನ್ನೂರು ವರ್ಷಗಳಿಗೂ ಹಿಂದಿನದು. ವಿಜ್ಞಾನ ಪಾಠ ಹೇಳಿದವನಿಗೆ ಆ ಕಥೆಯನ್ನು ಹೇಳದೆ ಉತ್ತರ ಕೊಡುವುದು ಕಷ್ಟ. ತುಸು ತಾಳ್ಮೆಯಿಂದ ಓದಿರಿ.

ಕಥೆ ಆರಂಭವಾಗುವುದು ಪ್ಯಾರಿಸ್ಸಿನಲ್ಲಿ. ರಸಾಯನ ವಿಜ್ಞಾನಿ ಲೆವಾಸಿಯೆ ಮತ್ತು ಗಣಿತಜ್ಞ ಲಾಪ್ಲಾಸ್ ಸೇರಿ ಒಂದು ಗಿನಿ ಹಂದಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇರಿಸಿದರು. ಕರಗಿದ ನೀರನ್ನು ತೂಗಿ, ಆ ಪ್ರಾಣಿಯ ಮೈಯಿಂದ ಹೊರಟ ಶಾಖವನ್ನು ಲೆಕ್ಕ ಹಾಕಿದರು. ಉಸಿರಾಟವೆಂದರೆ ನಿಧಾನವಾದ ದಹನ ಎಂಬ ನಿರ್ಣಯವನ್ನು 1783 ರಲ್ಲಿ ಮಂಡಿಸಿದರು. ಕೆಲವು ವರ್ಷಗಳ ಬಳಿಕ ಲೆವಾಸಿಯೆಯ ಸಹಾಯಕ ಸೆಗ್ವಿನ್ ಸ್ವತಃ ಪ್ರಯೋಗದ ಪ್ರಾಣಿಯಾದನು. ಮುಖವಾಡ ಧರಿಸಿ, ಕಾಲಿನಿಂದ ಹಲಗೆ ತುಳಿಯುತ್ತ ಅವನು ಉಸಿರಾಡಿದಾಗ, ದುಡಿಮೆ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚುವುದು ಕಂಡಿತು. ಮೈಮುರಿದು ದುಡಿಯುವವನ ದೇಹ ಹೆಚ್ಚು ಉರಿಯುತ್ತದೆ ಎಂಬುದು ಮೊದಲ ಬಾರಿಗೆ ಅಳತೆಗೆ ಸಿಕ್ಕಿತು.

ಅಳತೆಯ ಜೊತೆಯಲ್ಲೇ ಲೆವಾಸಿಯೆಗೆ ಇನ್ನೊಂದು ವಿಚಾರ ಹೊಳೆಯಿತು. ಹೆಚ್ಚು ಆಹಾರ ಬೇಕಾದದ್ದು ಕೂಲಿಯವನಿಗೆ. ಆದರೆ ಆಹಾರದ ಸಮೃದ್ಧಿ ಇರುವುದು ಕುಳಿತು ಉಣ್ಣುವ ಶ್ರೀಮಂತನ ಮನೆಯಲ್ಲಿ. ಇದೆಂತಹ ವೈಪರೀತ್ಯ ಎಂದು ಅವನು ವೈಜ್ಞಾನಿಕ ಪ್ರಬಂಧದಲ್ಲಿಯೇ ಕೇಳಿದನು. ಅದು ಫ್ರಾನ್ಸಿನ ಕ್ರಾಂತಿಯ ಕಾಲ. ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಅವನೂ ಒಬ್ಬನಾಗಿದ್ದುದರಿಂದ 1794 ರ ಮೇ 8 ರಂದು ಅದೇ ಕ್ರಾಂತಿ ಅವನ ತಲೆಯನ್ನು ತೆಗೆಯಿತು. ಅವನು ಕೇಳಿದ ಪ್ರಶ್ನೆ ಮಾತ್ರ ಉಳಿಯಿತು.

ದುಡಿಯುವಾಗ ಉರಿಯುವುದು ಯಾವುದು? ಸ್ನಾಯುವಿನಲ್ಲಿರುವ ಸಸಾರಜನಕವೇ ಎಂದು ಜರ್ಮನಿಯ ಲೀಬಿಗ್ ಸಾರಿದ್ದನು. ಇದನ್ನು ಪರೀಕ್ಷಿಸಲು 1865 ರಲ್ಲಿ ಫಿಕ್ ಮತ್ತು ವಿಸ್ಲಿಸೀನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟವನ್ನು ಹತ್ತಿದರು. ಏರಿದ ಎತ್ತರ ಸುಮಾರು 1,950 ಮೀಟರ್. ಹಿಂದಿನ ದಿನದಿಂದಲೇ ಸಸಾರಜನಕವನ್ನು ಬಿಟ್ಟು, ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ತಿಂಡಿ ಮತ್ತು ಸಕ್ಕರೆ ಹಾಕಿದ ಚಹಾ ಮಾತ್ರ ಸೇವಿಸಿದ್ದರು. ಮೂತ್ರದಲ್ಲಿನ ಸಾರಜನಕವನ್ನು ಅಳೆದು ನೋಡಿದಾಗ, ಕರಗಿದ ಸಸಾರಜನಕದಿಂದ ಅಷ್ಟು ಎತ್ತರಕ್ಕೆ ಮೈಭಾರವನ್ನು ಹೊರುವುದು ಸಾಧ್ಯವೇ ಇಲ್ಲವೆಂದು ತಿಳಿಯಿತು. ಬೆಟ್ಟ ಹತ್ತಿಸಿದ್ದು ಪಿಷ್ಟ, ಸಕ್ಕರೆ ಮತ್ತು ಕೊಬ್ಬು.

ಇದಕ್ಕೆ ಪಕ್ಕಾ ಜಮಾಖರ್ಚಿನ ಪುಸ್ತಕ ಬರೆದವನು ಅಮೆರಿಕದ ಆಟ್‌ವಾಟರ್. 1890ರ ದಶಕದಲ್ಲಿ ಅವನು ಒಬ್ಬ ಮನುಷ್ಯ ದಿನಗಟ್ಟಲೆ ವಾಸಿಸಬಹುದಾದ ಪುಟ್ಟ ಕೋಣೆಯನ್ನೇ ಶಾಖಮಾಪಕವನ್ನಾಗಿ ಮಾಡಿದನು. ಒಳಗೆ ಊಟ, ನಿದ್ರೆ, ಓದು, ಜೊತೆಗೆ ನಿಂತಲ್ಲೇ ತುಳಿಯುವ ಸೈಕಲ್ಲು. ಒಳಹೋದ ಅನ್ನಕ್ಕೂ ಹೊರಬಂದ ಶಾಖಕ್ಕೂ ಲೆಕ್ಕ ಸರಿಹೊಂದಿತು. ಒಂದು ಗ್ರಾಂ ಪಿಷ್ಟಕ್ಕೆ 4, ಸಸಾರಜನಕಕ್ಕೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ಇಂದು ಬಿಸ್ಕತ್ತಿನ ಪೊಟ್ಟಣದ ಹಿಂದೆ ಇರುವ ಲೆಕ್ಕದ ಮೂಲ ಅಲ್ಲಿದೆ. (ನಾವು ರೂಢಿಯಲ್ಲಿ ಕ್ಯಾಲೊರಿ ಎನ್ನುವುದು ಕಿಲೋಕ್ಯಾಲೊರಿಯನ್ನು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಬೇಕಾಗುವ ಶಾಖವದು.)

ಹಾಗಾದರೆ ಖರ್ಚು ಮಾಡಿದಷ್ಟನ್ನೂ ಜಮೆ ಮಾಡಿದರಾಯಿತಲ್ಲ? ಇಲ್ಲಿಯೇ ಕಥೆ ತಿರುವು ಪಡೆಯುತ್ತದೆ. ಪುಸ್ತಕ ಸುಳ್ಳಲ್ಲ; ಆದರೆ ದೇಹವೆಂಬ ಶೆಟ್ಟರು ಪ್ರತಿದಿನ ಸಂಜೆ ಅಂಗಡಿ ಮುಚ್ಚುವಾಗ ಲೆಕ್ಕ ಮುಗಿಸುವವರಲ್ಲ. 1955 ರಲ್ಲಿ ಬ್ರಿಟನ್ನಿನ ಎಡೋಮ್ ಮತ್ತು ಸಂಗಡಿಗರು ಹನ್ನೆರಡು ಸೈನಿಕ ಕೆಡೆಟ್‌ಗಳ ದುಡಿಮೆ ಮತ್ತು ಊಟಗಳನ್ನು ಎರಡು ವಾರ ಅಳೆದರು. ಹೆಚ್ಚು ದುಡಿದ ದಿನವೇ ಅವರು ಹೆಚ್ಚು ಉಣ್ಣಲಿಲ್ಲ.

ಮರುವರ್ಷವೇ ನಮ್ಮ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ಜೀನ್ ಮೇಯರ್ ಮತ್ತು ಅವನ ಭಾರತೀಯ ಸಹೋದ್ಯೋಗಿಗಳು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಜನರ ಊಟ, ತೂಕ ಮತ್ತು ಕೆಲಸಗಳನ್ನು ದಾಖಲಿಸಿದರು. ಅಲ್ಲಿ ಮೂಟೆ ಹೊರುವವರಿದ್ದರು, ಗುಮಾಸ್ತರಿದ್ದರು, ದಿನವಿಡೀ ಕುಳಿತಿರುವ ಅಂಗಡಿಯವರೂ ಇದ್ದರು. ಹಗುರ ಕೆಲಸದಿಂದ ಕಠಿಣ ಕೆಲಸದವರೆಗೆ, ದುಡಿಮೆ ಏರಿದಂತೆ ಊಟವೂ ಏರಿತ್ತು. ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಕುಳಿತೇ ಇರುವವರ ಊಟ ಕಡಿಮೆಯಾಗಿರಲಿಲ್ಲ. ಮೂಟೆ ಹೊರುವವರಿಗೆ ಸರಿಸಮನಾಗಿತ್ತು, ತೂಕವೂ ಅವರದೇ ಹೆಚ್ಚು. ಈ ಎರಡು ಗುಂಪುಗಳ ಆದಾಯ, ಆಹಾರ ಪದ್ಧತಿ ಬೇರೆಯಾಗಿದ್ದುದರಿಂದ ಎಲ್ಲವನ್ನೂ ಕೆಲಸದ ಮೇಲೆಯೇ ಹಾಕಲಾಗದು. ಆದರೂ ಒಂದು ಮಾತು ಗಮನಾರ್ಹ: ತಕ್ಕಮಟ್ಟಿಗೆ ದುಡಿಯುವ ದೇಹಕ್ಕೆ ಎಷ್ಟು ಉಣ್ಣಬೇಕೆಂಬುದು ತಾನಾಗಿ ತಿಳಿಯುತ್ತದೆ; ಜಡವಾಗಿ ಕುಳಿತ ದೇಹಕ್ಕೆ ಹಸಿವಿನ ಆ ಲಗಾಮು ಸಡಿಲವಾಗುತ್ತದೆ.

ಮುಂದಿನ ಬೆಳಕು ಬಂದುದು ವಿಶೇಷ ನೀರಿನಿಂದ. ಭಾರವಾದ ಹೈಡ್ರೋಜನ್ ಮತ್ತು ಭಾರವಾದ ಆಮ್ಲಜನಕಗಳುಳ್ಳ ನೀರನ್ನು ಕುಡಿಸಿ, ಅವು ಮೂತ್ರದಲ್ಲಿ ಎಷ್ಟು ಬೇಗ ಹೊರಹೋಗುತ್ತವೆಂದು ಅಳೆದರೆ, ಕೋಣೆಯಲ್ಲಿ ಕೂಡಿಹಾಕದೆಯೇ ಮನುಷ್ಯನ ಖರ್ಚನ್ನು ತಿಳಿಯಬಹುದು. 2012 ರಲ್ಲಿ ಹರ್ಮನ್ ಪಾಂಟ್ಜರ್ ತಂಡ ಈ ವಿಧಾನದಿಂದ ತಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನು ಅಳೆಯಿತು. ದಿನವೂ ಮೈಲಿಗಟ್ಟಲೆ ನಡೆಯುವ ಆ ಜನರ ಒಟ್ಟು ಖರ್ಚು, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ, ಪಾಶ್ಚಾತ್ಯ ನಗರವಾಸಿಗಳ ಖರ್ಚಿನಷ್ಟೇ ಇತ್ತು! ಒಂದೆಡೆ ಹೆಚ್ಚು ವೆಚ್ಚವಾದಾಗ ದೇಹ ಇನ್ನೊಂದೆಡೆ ಕೈ ಬಿಗಿಹಿಡಿಯುತ್ತದೆ. 1,754 ವಯಸ್ಕರ ಅಳತೆಗಳನ್ನು ಪರಿಶೀಲಿಸಿ 2021 ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚಟುವಟಿಕೆಯಲ್ಲಿ ಹೆಚ್ಚುವರಿಯಾಗಿ ಸುಟ್ಟದ್ದರಲ್ಲಿ ಸರಾಸರಿ ಶೇ. 28 ರಷ್ಟನ್ನು ದೇಹ ಹೀಗೆ ಉಳಿಸಿಕೊಳ್ಳುತ್ತದೆ.

ಇನ್ನು ಕೈಗಡಿಯಾರದ ಮಾತು. 2017 ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಂತಹ ಏಳು ಉಪಕರಣಗಳನ್ನು ಪರೀಕ್ಷಿಸಿದರು. ನಾಡಿಬಡಿತವನ್ನು ಬಹುಪಾಲು ಉಪಕರಣಗಳು ಚೆನ್ನಾಗಿ ಹೇಳಿದವು. ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ಉತ್ತಮವಾದುದೂ ಸರಾಸರಿ ಶೇ. 27 ರಷ್ಟು ತಪ್ಪಿತ್ತು, ಕೊನೆಯದು ಶೇ. 93 ರಷ್ಟು.

ಈಗ ಕರಿಹಲಗೆಯ ಮೇಲೆ ಮಾಡುತ್ತಿದ್ದಂತೆ ಒಂದು ಲೆಕ್ಕ ಮಾಡೋಣ. 60 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 200 ಕ್ಯಾಲೊರಿ. ಅದೇ ಒಂದು ಗಂಟೆ ಸುಮ್ಮನೆ ಕುಳಿತಿದ್ದರೂ 60 ಖರ್ಚಾಗುತ್ತಿತ್ತು. ಆದ್ದರಿಂದ ನಡಿಗೆಯ ನಿಜವಾದ ಪಾಲು 140. ದೇಹ ಉಳಿಸಿಕೊಳ್ಳುವ ಕಾಲುಭಾಗದಷ್ಟನ್ನು ಕಳೆದರೆ ಕೈಗೆ ಸಿಗುವುದು ಸುಮಾರು 100. ಎರಡು ಇಡ್ಲಿಗೆ ಸರಿಹೋದೀತು. ಬೆಣ್ಣೆ ಹಾಕಿದ ಮಸಾಲೆ ದೋಸೆಗೆ ಎಲ್ಲಿಂದ ಬರಬೇಕು? ತೂಕ ಇಳಿಸಬೇಕೆಂದು ನಡೆಯುವವರು ಗಡಿಯಾರವನ್ನು ನಂಬಿ ಮರಳಿ ಉಣ್ಣಬಾರದು. ಅಂದಮಾತ್ರಕ್ಕೆ ನಡಿಗೆ ವ್ಯರ್ಥವೆಂದು ಬಗೆಯಬೇಡಿ. ಹೃದಯಕ್ಕೆ, ರಕ್ತದ ಸಕ್ಕರೆಗೆ, ನಿದ್ರೆಗೆ ಅದರಿಂದಾಗುವ ಉಪಕಾರ ತಕ್ಕಡಿಯಲ್ಲಿ ಕಾಣುವಂಥದ್ದಲ್ಲ.

ಆದರೆ ಈ ಉತ್ತರ ಎಲ್ಲರಿಗೂ ಅಲ್ಲ. 1944-45 ರಲ್ಲಿ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು, ವಾರಕ್ಕೆ 22 ಮೈಲಿ ನಡೆಸಿದನು. ತೂಕದ ಕಾಲುಭಾಗ ಇಳಿಯಿತು. ಜೊತೆಗೆ ಬಲ ಕುಂದಿತು, ಮನಸ್ಸು ಮಂಕಾಯಿತು, ಹಗಲಿರುಳೂ ಅನ್ನದ್ದೇ ಧ್ಯಾನವಾಯಿತು. ದುಡಿದವರು ಉಣ್ಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಂತಹ ಸಾಕ್ಷಿಯನ್ನು ನಾನು ಶಾಲೆಯ ಮೈದಾನದಲ್ಲಿಯೂ ಕಂಡಿದ್ದೇನೆ. ನಮ್ಮ ಖೋಖೋ ತಂಡದ ಹುಡುಗಿಯರಲ್ಲಿ ಕೆಲವರು ಬೆಳಿಗ್ಗೆ ಅಂಬಲಿ ಕುಡಿದು ಬಂದವರು ಸಂಜೆಯ ಅಭ್ಯಾಸದವರೆಗೂ ಬೇರೇನೂ ತಿನ್ನುತ್ತಿರಲಿಲ್ಲ. ಒಬ್ಬಳು ಓಡುತ್ತಲೇ ಕುಸಿದ ದಿನದಿಂದ ಶಿಕ್ಷಕರೆಲ್ಲ ಸೇರಿ ಹುರಿಗಡಲೆ, ಶೇಂಗಾ, ಬೆಲ್ಲ ತರಿಸಿಡುವ ಏರ್ಪಾಡು ಮಾಡಿದೆವು. ಆಟ ಸುಧಾರಿಸಿತು, ಅದಕ್ಕಿಂತ ಮಿಗಿಲಾಗಿ ತರಗತಿಯಲ್ಲಿ ಅವರ ಕಣ್ಣುಗಳಲ್ಲಿ ಬೆಳಕು ಕಾಣಿಸಿತು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಕ್ರೀಡಾಪಟುಗಳು, ಹೊಲ-ಗಾರೆ ಕೆಲಸದವರು ದುಡಿದದ್ದನ್ನು ಮರಳಿ ಉಣ್ಣಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020 ರಲ್ಲಿ ಕೊಟ್ಟ ಅಂದಾಜಿನಂತೆ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಸಾಕು; ಕಠಿಣ ದುಡಿಮೆಯವನಿಗೆ 3,470 ಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ನಮ್ಮ ಬಂಧುಗಳೂ ನಡೆದು ಬಂದು ಹಟದಿಂದ ಉಪವಾಸ ಮಾಡಬಾರದು. ಯಾವಾಗ ಏನು ತಿನ್ನಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ನಮ್ಮಲ್ಲಿ ಅನೇಕರದು ಕೈ ಕೆಸರಾಗದೆ ಮೊಸರು ಉಣ್ಣುವ ಬದುಕಾಗಿದೆ. ನಿಮ್ಮ ಬಡಾವಣೆಯಲ್ಲಿ ಮನೆ ಕಟ್ಟುವಾಗ ನಾಲ್ಕನೆಯ ಮಹಡಿಗೆ ಇಟ್ಟಿಗೆ ಹೊರುವ ಹೆಣ್ಣುಮಗಳ ಮಣಿಕಟ್ಟಿನಲ್ಲಿ ಗಡಿಯಾರವಿರುವುದಿಲ್ಲ. ಅವಳ ಬುತ್ತಿಯಲ್ಲಿ ಎಷ್ಟಿದೆ ಎಂದು ಒಮ್ಮೆ ನೋಡಿ. ಲೆವಾಸಿಯೆ ಕೇಳಿದ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ.