ಕಬ್ಬಿನ ಸೀಮೆಯಲ್ಲಿ ರಾಗಿಯ ಪ್ರಯೋಗ

ಕೃಷ್ಣರಾಜಸಾಗರದ ನೀರು ಹುಲಿಕೆರೆ ಸುರಂಗ ದಾಟಿ ಬಯಲಿಗಿಳಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೊಲಗಳ ಜೊತೆಗೆ ಊಟದ ತಟ್ಟೆಯೂ ಬದಲಾಯಿತು. ಅದಕ್ಕೂ ಮುಂಚೆ ಇಲ್ಲಿ ಮಳೆ ನಂಬಿದ ರಾಗಿ ಹೊಲಗಳೇ ಹೆಚ್ಚು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಜೋಳ. ಕಣದಲ್ಲಿ ಒಕ್ಕಿದ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ಬರಗಾಲಕ್ಕೂ ಹೆದರಬೇಕಿರಲಿಲ್ಲ. ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುವ ಕಾಳು ಅದು. ಆಮೇಲೆ, ಆ ಕಾಲದಲ್ಲಿ ಇರ್ವಿನ್ ನಾಲೆ ಎನ್ನುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಭತ್ತ, ಕಬ್ಬು ಮೇಲಾದವು.

ಮಂಡ್ಯವನ್ನು ಕಬ್ಬಿನ ನಾಡು ಎಂದು ಕರೆಯುವ ರೂಢಿಯಲ್ಲಿ ಇನ್ನೊಂದು ಚರಿತ್ರೆ ಮರೆಗೆ ಸರಿದಿದೆ. ನಾಲೆಯ ನೀರಿಗೆ ಯಾವ ಬೆಳೆ ಒಗ್ಗುತ್ತದೆ ಎಂದು ನೋಡಲು 1931ರಲ್ಲಿ ಶುರುವಾದ ಫಾರಂ, ಈಗಿನ ವಿ.ಸಿ. (ವಿಶ್ವೇಶ್ವರಯ್ಯ ನಾಲೆ) ಫಾರಂ, ರಾಗಿಯ ಬಹು ದೊಡ್ಡ ಪ್ರಯೋಗಶಾಲೆಯೂ ಆಯಿತು. ಅಲ್ಲಿ ನಡೆದದ್ದು ಬರೀ ಇಳುವರಿಯ ಕೆಲಸವೆಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ಬಡವರ ಮನೆಯ ಮೂಳೆ, ಹಲ್ಲುಗಳ ಗಟ್ಟಿತನವೂ ಆ ಕಾಳಿನೊಂದಿಗೆ ಬೆಸೆದುಕೊಂಡಿತ್ತು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 10. ಇಷ್ಟು ಅಂತರವಿದ್ದರೂ ವಿಜ್ಞಾನಿಗಳಿಗೆ ಒಂದು ಅನುಮಾನವಿತ್ತು, ಅದಕ್ಕೆ ಕಾರಣ ಲಂಡನ್ನಿನ ನಾಯಿಮರಿಗಳು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಎಡ್ವರ್ಡ್ ಮೆಲನ್ಬಿ ಬರೀ ಧಾನ್ಯದಂಥ ಆಹಾರ ಕೊಟ್ಟು ಮರಿಗಳನ್ನು ಸಾಕಿದಾಗ ಅವುಗಳ ಕಾಲು ಸೊಟ್ಟಗಾಗಿ ರಿಕೆಟ್ಸ್ ಬಂತು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟವು ಚೆನ್ನಾಗಿದ್ದವು. ಅವರ ಹೆಂಡತಿ ಮೇ ಮೆಲನ್ಬಿ ಅಂಥದೇ ಪ್ರಯೋಗಗಳಲ್ಲಿ ಮರಿಗಳ ಹಲ್ಲು ಪರೀಕ್ಷಿಸಿ, ಎನಾಮೆಲ್ ಕೆಟ್ಟಿರುವುದನ್ನು ತೋರಿಸಿದರು. ಹಲ್ಲಿನ ಕಥೆ, ಮೂಳೆಯ ಕಥೆ ಒಂದೇ ಎಂಬುದು ಗಂಡಹೆಂಡಿರ ಕೆಲಸದಿಂದ ಗಟ್ಟಿಯಾಯಿತು. ಮುಂದೆ 1939ರ ಹೊತ್ತಿಗೆ ಧಾನ್ಯದ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲ ಸುಣ್ಣದಂಶವನ್ನು ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ ಎಂಬ ಸುಳಿವೂ ಸಿಕ್ಕಿತು. ಫೈಟಿಕ್ ಆಮ್ಲ ರಾಗಿಯಲ್ಲೂ ಇದೆ. ಹಾಗಾದರೆ ಮುದ್ದೆಯ ಸುಣ್ಣ ಮಕ್ಕಳ ಮೂಳೆ ಮುಟ್ಟುತ್ತದೆಯೇ?

ಉತ್ತರ ಹುಡುಕಿದ್ದು ಮಂಡ್ಯದ ಪಕ್ಕದ ಮೈಸೂರಿನವರು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿ.ಎಫ್.ಟಿ.ಆರ್.ಐ.) ವಿ. ಸುಬ್ರಹ್ಮಣ್ಯನ್, ಎಂ. ಸ್ವಾಮಿನಾಥನ್ ಮತ್ತು ಸಂಗಡಿಗರು, ಹೊಟ್ಟೆಗೆ ಸಾಲದ ಮಕ್ಕಳ ಅನ್ನದ ಊಟದಲ್ಲಿ ಅಕ್ಕಿಯ ಒಂದು ಪಾಲನ್ನು, ಆಮೇಲೆ ಪೂರ್ತಿ ಅಕ್ಕಿಯನ್ನು ತೆಗೆದು ರಾಗಿ ಕೊಟ್ಟು ನೋಡಿದರು. ತಿಂದದ್ದರಲ್ಲಿ ಎಷ್ಟು ಸುಣ್ಣ ಹೋಯಿತು, ಮಲಮೂತ್ರದಲ್ಲಿ ಎಷ್ಟು ಹೊರಬಂತು ಎಂದು ಅಳೆದು ಲೆಕ್ಕ ಹಾಕುವುದು ಇಂಥ ಪ್ರಯೋಗದ ಕ್ರಮ. ತಾಳ್ಮೆ ಬೇಡುವ, ಯಾರೂ ಚಪ್ಪಾಳೆ ತಟ್ಟದ ಕೆಲಸ. 1959ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ ಫಲಿತಾಂಶ ಬಂತು: ರಾಗಿ ಹೆಚ್ಚಿದಂತೆ ಮಕ್ಕಳ ಮೈಯಲ್ಲಿ ಉಳಿಯುವ ಸುಣ್ಣದಂಶವೂ ಹೆಚ್ಚಿತ್ತು. ಕೂಸಿಗೆ ರಾಗಿ ಸರಿ ಮಾಡುವಾಗ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸುವ ನಮ್ಮ ಅಜ್ಜಿಯರ ಕ್ರಮದಲ್ಲೂ ಹುರುಳಿತ್ತು. ಮೊಳಕೆಯೊಡೆದಾಗ ಫೈಟಿಕ್ ಆಮ್ಲ ಇಳಿಯುತ್ತದೆ.

ಇಷ್ಟು ಒಳ್ಳೆಯ ಕಾಳು ರೈತನಿಗೆ ಕೈಗೆಟುಕುವಷ್ಟು ಬೆಳೆಯಬೇಕಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1918ರಲ್ಲೇ ಎಚ್-22 ಎಂಬ ತಳಿ ಬಂದಿತ್ತು, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1920ರಲ್ಲಿ ರಾಗಿ ಬೇಸಾಯದ ಬಗ್ಗೆ ಪುಸ್ತಿಕೆಯನ್ನೇ ಬರೆದರು. ಆದರೆ ದಿಕ್ಕು ಬದಲಿಸಿದವರು ವಿ.ಸಿ. ಫಾರಂನ ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ರಾಗಿಯನ್ನು ಬೆರಕೆ ಮಾಡುವುದು ಸುಲಭವಲ್ಲ. ತೆನೆಯ ಒಂದೊಂದು ಇಲುಕಿನಲ್ಲೂ ಕಣ್ಣಿಗೆ ಕಂಡೂ ಕಾಣದ ಹೂಗಳು ಸಾಲುಗಟ್ಟಿರುತ್ತವೆ. ನಸುಕಿನಲ್ಲಿ ಅರಳಿ, ಬೆಳಕು ಹರಿಯುವಷ್ಟರಲ್ಲಿ ತನ್ನ ಪರಾಗ ತನಗೇ ಸೇರಿಸಿಕೊಂಡು ಮುಗಿಸುತ್ತವೆ. ಅದಕ್ಕೆ ಎರಡು ತೆನೆಗಳನ್ನು ಅರಳುವ ಮೊದಲೇ ಮೈಗೆ ಮೈ ತಾಗಿಸಿ ಕಟ್ಟುವ ಉಪಾಯವಿದೆ. ಬಂದ ಬೀಜವನ್ನೆಲ್ಲ ಬಿತ್ತಿ, ಗಿಣ್ಣಿನ ನೇರಳೆ ಬಣ್ಣದಂಥ ಗುರುತು ನೋಡಿ ನಿಜವಾದ ಬೆರಕೆ ಗಿಡ ಯಾವುದೆಂದು ಆರಿಸಬೇಕು. ನೂರಾರು ಗಿಡ ಸೋಸಿದರೆ ಒಂದೋ ಎರಡೋ.

ಲಕ್ಷ್ಮಣಯ್ಯನವರು ಆಫ್ರಿಕಾದ ದಪ್ಪ ತೆನೆಯ ಗಟ್ಟಿ ರಾಗಿಗೆ ನಮ್ಮ ನೆಲಕ್ಕೆ ಹೊಂದಿಕೊಂಡ ರಾಗಿಯನ್ನು ಕೂಡಿಸಿದರು. ರಾಗಿಯ ಮೂಲ ನೆಲೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ; ಸಾವಿರಾರು ವರ್ಷ ದೂರವಾಗಿದ್ದ ಒಂದೇ ಕುಲದ ಎರಡು ಕವಲು ಮಂಡ್ಯದಲ್ಲಿ ಸೇರಿದವು. ಹುಟ್ಟಿದ್ದು ಇಂಡಾಫ್ ಸರಣಿ. ಅದಕ್ಕೂ ಮೊದಲು ಅನ್ನಪೂರ್ಣ, ಕಾವೇರಿ, ಶಕ್ತಿಯಂಥ ತಳಿಗಳಿದ್ದವು, ಆದರೆ ರಾಗಿಯ ಇಳುವರಿಯನ್ನು ಮೇಲೆತ್ತಿದ ಹೆಸರು ಇಂಡಾಫ್. ಅಕ್ಕಿ, ಗೋಧಿಗೆ ಹಸಿರು ಕ್ರಾಂತಿಯ ಹಣ, ಗೊಬ್ಬರ, ಪ್ರಚಾರ ಹರಿಯುತ್ತಿದ್ದ ಕಾಲದಲ್ಲಿ ಒಬ್ಬ ವಿಜ್ಞಾನಿ ತಮ್ಮ ಆಯುಸ್ಸನ್ನೇ ಬಡವರ ಕಾಳಿಗೆ ಕೊಟ್ಟದ್ದನ್ನು ಎಷ್ಟು ನೆನೆದರೂ ಕಡಿಮೆಯೇ.

ಇಂಡಾಫ್‌ಗೆ ಒಂದು ತೊಡಕಿತ್ತು, ಬೆಂಕಿ ರೋಗ. ಕತ್ತು ಕಪ್ಪಾಗಿ ತೆನೆ ಜೊಳ್ಳಾಗುತ್ತಿತ್ತು. 1990ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಈ ರೋಗ ತಡೆಯುವ ಜಿಪಿಯು-28 ಬಂದು ಹೊಲಗಳನ್ನು ತುಂಬಿತು. ಅದರ ವಂಶಾವಳಿ ಇಂಡಾಫ್-5, ಇಂಡಾಫ್-9 ಮತ್ತು ಐಇ-1012. ಜಿಪಿಯು-28 ಬಿತ್ತುವ ಮಳವಳ್ಳಿಯ ರೈತ ಇವತ್ತಿಗೂ ಲಕ್ಷ್ಮಣಯ್ಯನವರ ಎರಡು ತಳಿಗಳ ಮೊಮ್ಮಕ್ಕಳನ್ನೇ ಬೆಳೆಯುತ್ತಿದ್ದಾನೆ.